ದೇವರ ಆಯ್ಕೆಯೂ ಹಣೆಬರಹವೂ

ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ 7:6–8, ರೋಮಾಪುರದವರಿಗೆ 9ರಿಂದ 11ನೆಯ ಅಧ್ಯಾಯಗಳು, ಎಫೆಸದವರಿಗೆ 1:3–14.



ಸತ್ಯವೇದದಲ್ಲಿ ಕೆಲವು ಉಪದೇಶಗಳು ಹಾಲಿನಂತಿರುವವು. ಚಿಕ್ಕ ಮಕ್ಕಳೂ ಅವುಗಳಿಂದ ಪೋಷಣೆ ಹೊಂದುವರು. ಬೇರೆ ಕೆಲವು ಗಟ್ಟಿಯಾದ ಆಹಾರದಂತಿರುವವು. ಚೆನ್ನಾಗಿ ಅಗಿಯದೆ ನುಂಗಿದವನಿಗೆ ಅಜೀರ್ಣವಾಗುವದು. ದೇವರು ಲೋಕದ ಉತ್ಪತ್ತಿಗೆ ಮುಂಚೆಯೇ ತನ್ನವರನ್ನು ರಕ್ಷಣೆಗಾಗಿ ಆರಿಸಿಕೊಂಡನೆಂಬ ಉಪದೇಶವು ಈ ಎರಡನೆಯ ತರದ್ದು. ಇದನ್ನು ಸರಿಯಾಗಿ ತಿಳುಕೊಂಡವರಿಗೆ ಇದಕ್ಕಿಂತ ಹೆಚ್ಚಿನ ಆದರಣೆ ಮತ್ತೊಂದಿಲ್ಲ. ತಪ್ಪಾಗಿ ತಿಳುಕೊಂಡವರಿಗೆ ಇದು ಕಾಲಿಗೆ ಕಟ್ಟಿದ ಕಲ್ಲಾಗುವದು. ಆದಕಾರಣ ಈ ತಿಂಗಳ ಪಾಠದಲ್ಲಿ ಇದನ್ನು ದೇವರ ಭಯದಿಂದ ವಿಚಾರಿಸೋಣ.

1. ಈ ಪಾಠವು ಯಾಕೆ ಬೇಕು

ನಮ್ಮ ಸಭೆಗಳಲ್ಲಿ ಈ ವಿಷಯವಾಗಿ ಮೂರು ತರದ ಮಾತುಗಳು ಕೇಳಿಬರುತ್ತವೆ.

ಒಬ್ಬನು ಹೇಳುವದೇನಂದರೆ: “ಅಯ್ಯಗಳೇ, ದೇವರು ನನ್ನನ್ನು ಆರಿಸಿಕೊಂಡಿದ್ದರೆ ನಾನು ಹೇಗೂ ರಕ್ಷಣೆ ಹೊಂದುವೆನು, ಇಲ್ಲವಾದರೆ ಎಷ್ಟು ಸಾರಿ ಗುಡಿಗೆ ಬಂದರೂ ಫಲವಿಲ್ಲ. ಹೀಗಿರುವಲ್ಲಿ ನಾನು ಯಾಕೆ ಕಷ್ಟಪಡಬೇಕು?” ಇವನು ಸೋಮಾರಿ.

ಎರಡನೆಯವನು ಹೇಳುವದು: “ನಾವು ಅಜ್ಜನ ಕಾಲದಿಂದ ಕ್ರೈಸ್ತರು. ದೇವರು ನಮ್ಮ ಮನೆತನವನ್ನು ಆರಿಸಿಕೊಂಡಿದ್ದಾನೆ. ನಿನ್ನೆ ಮೊನ್ನೆ ದೀಕ್ಷಾಸ್ನಾನ ಹೊಂದಿದ ಇವರ ಸಂಗಡ ನಮಗೇನು?” ಇವನು ಗರ್ವಿಷ್ಠನು.

ಮೂರನೆಯವಳು ಏನೂ ಹೇಳುವದಿಲ್ಲ, ರಾತ್ರಿಯಲ್ಲಿ ಅಳುತ್ತಾಳೆ. ಅವಳ ಮಗನು ಸಭೆಯನ್ನು ಬಿಟ್ಟು ಹೋಗಿದ್ದಾನೆ, ಇಲ್ಲವೆ ಅವಳ ಗಂಡನು ಸುವಾರ್ತೆಯನ್ನು ಕೇಳದೆ ಸತ್ತಿದ್ದಾನೆ. ದೇವರು ತನ್ನನ್ನಾದರೂ ಆರಿಸಿಕೊಂಡಿದ್ದಾನೋ ಇಲ್ಲವೋ ಎಂದು ಅವಳು ನಡುಗುತ್ತಾಳೆ. ಇವಳು ಭಯಗ್ರಸ್ತಳು.

ಈ ಮೂವರೂ ಒಂದೇ ತಪ್ಪನ್ನು ಮಾಡುತ್ತಾರೆ. ದೇವರ ಆಯ್ಕೆಯೆಂಬ ಹೆಸರಿನಲ್ಲಿ ಇವರು ಹಿಡುಕೊಂಡಿರುವದು ಹಳೆಯ ಹಣೆಬರಹವನ್ನೇ. ಮಗುವು ಹುಟ್ಟಿದ ಆರನೆಯ ರಾತ್ರಿಯಲ್ಲಿ ವಿಧಿಯು ಬಂದು ಅದರ ಹಣೆಯ ಮೇಲೆ ಬರೆದು ಹೋಗುವದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಬರಹವನ್ನು ಓದುವವರಿಲ್ಲ, ಅಳಿಸುವವರೂ ಇಲ್ಲ. ದೇವರ ಆಯ್ಕೆಯು ಇಂಥದೋ? ಶಾಸ್ತ್ರವನ್ನೇ ಕೇಳೋಣ.

2. ಆರಿಸಿಕೊಳ್ಳುವದು ಯಾವದಕ್ಕಾಗಿ

ಮೊದಲು ಅಬ್ರಹಾಮನನ್ನು ನೋಡಿರಿ. ಆದಿಕಾಂಡದ 12ನೆಯ ಅಧ್ಯಾಯದಲ್ಲಿ ದೇವರು ಅವನೊಬ್ಬನನ್ನು ಅವನ ದೇಶದಿಂದಲೂ ಬಂಧುಬಳಗದಿಂದಲೂ ಹೊರಗೆ ಕರೆದನು. ಯಾವದಕ್ಕಾಗಿ? ಅವನ ಮೂಲಕ ಭೂಮಿಯ ಎಲ್ಲಾ ಕುಲಗಳಿಗೆ ಆಶೀರ್ವಾದವುಂಟಾಗಬೇಕೆಂದು. ಒಬ್ಬನನ್ನು ಆರಿಸಿದ್ದು ಮಿಕ್ಕವರನ್ನು ತಳ್ಳಿಬಿಡುವದಕ್ಕಲ್ಲ, ಅವರನ್ನು ಮುಟ್ಟುವದಕ್ಕೆ.

ತರುವಾಯ ಇಸ್ರಾಯೇಲ್ ಜನಾಂಗ. ಅವರು ಬೇರೆ ಜನಾಂಗಗಳಿಗಿಂತ ಹೆಚ್ಚು ಮಂದಿಯಾಗಿದ್ದದರಿಂದ ದೇವರು ಅವರನ್ನು ಆರಿಸಿಕೊಳ್ಳಲಿಲ್ಲ, ಅವರು ಎಲ್ಲರಿಗಿಂತ ಸ್ವಲ್ಪ ಜನರಾಗಿದ್ದರು, ತನ್ನ ಪ್ರೀತಿಯ ನಿಮಿತ್ತವೇ ಆರಿಸಿಕೊಂಡನು ಎಂದು ಮೋಶೆಯು ಧರ್ಮೋಪದೇಶಕಾಂಡದಲ್ಲಿ ತಿಳಿಸುತ್ತಾನೆ. ಈ ಜನರೇ ಮುಂದೆ, ನಾವು ಆರಿಸಲ್ಪಟ್ಟವರು, ನಮಗೆ ಯಾವ ಕೇಡೂ ಬಾರದು ಎಂದು ಮೈಮರೆತಾಗ, ಪ್ರವಾದಿಯಾದ ಆಮೋಸನು (3:2) ಅವರ ಬಾಯಿಯನ್ನು ಮುಚ್ಚಿಸಿದನು. ದೇವರು ಅವರನ್ನು ಮಾತ್ರ ವಿಶೇಷವಾಗಿ ಅರಿತುಕೊಂಡದ್ದರಿಂದಲೇ ಅವರ ಪಾಪಗಳಿಗಾಗಿ ಅವರನ್ನು ದಂಡಿಸುವನೆಂದು ಅವನು ಸಾರಿದನು. ಹೆಚ್ಚು ಹೊಂದಿದವನಿಂದ ಹೆಚ್ಚಾಗಿ ಲೆಕ್ಕ ಕೇಳಲ್ಪಡುವದು.

ಹೊಸ ಒಡಂಬಡಿಕೆಯಲ್ಲಿ ಕರ್ತನು ಹನ್ನೆರಡು ಮಂದಿ ಶಿಷ್ಯರನ್ನು ಆರಿಸಿಕೊಂಡನು. ಅವರು ತನ್ನನ್ನು ಆರಿಸಿಕೊಂಡದ್ದಲ್ಲ, ತಾನೇ ಅವರನ್ನು ಆರಿಸಿಕೊಂಡನೆಂದೂ, ಅವರು ಹೋಗಿ ಫಲಕೊಡಬೇಕೆಂಬದೇ ತನ್ನ ಉದ್ದೇಶವೆಂದೂ ಆತನು ಹೇಳಿದನು (ಯೋಹಾನ 15:16). ಪೌಲನು ಕೊರಿಂಥದ ಸಭೆಯವರಿಗೆ, ನಿಮ್ಮಲ್ಲಿ ಜ್ಞಾನಿಗಳೂ ಬಲಿಷ್ಠರೂ ಕುಲೀನರೂ ಬಹಳ ಮಂದಿ ಇಲ್ಲವೆಂದು ಜ್ಞಾಪಕ ಕೊಟ್ಟು, ದೇವರು ಲೋಕದ ಬಲಹೀನರನ್ನೂ ಹೀನರೆನಿಸಿಕೊಂಡವರನ್ನೂ ಆರಿಸಿಕೊಂಡದ್ದು ಯಾರೂ ಆತನ ಮುಂದೆ ಹೊಗಳಿಕೊಳ್ಳದಂತೆ ಎಂದು ತೋರಿಸಿದನು (1 ಕೊರಿಂಥ 1:26–29). ಊರ ಹೊರಗಿನ ಕೇರಿಯಿಂದ ಬಂದವನು ಈ ವಾಕ್ಯವನ್ನು ಓದುವಾಗ ಅವನ ತಲೆಯು ಎತ್ತಲ್ಪಡುವದು. ಊರೊಳಗಿನ ದೊಡ್ಡ ಮನೆಯವನು ಓದುವಾಗ ಅವನ ತಲೆಯು ಬಾಗುವದು. ಇಬ್ಬರಿಗೂ ಅದರಿಂದ ಹಿತವೇ.

ಜೋಳದ ರಾಶಿ ಮಾಡುವ ರೈತನು ಕೆಲವು ತೆನೆಗಳನ್ನು ಆರಿಸಿ ಬೀಜಕ್ಕಾಗಿ ತೆಗೆದಿಡುವನಷ್ಟೆ? ಆ ತೆನೆಗಳು ಜಂತಿಗೆ ತೂಗಿ ನೋಡುವವರ ಮುಂದೆ ಮೆರೆಯುವದಕ್ಕಾಗಿ ಅಲ್ಲ. ಮಳೆ ಬಿದ್ದಾಗ ಮಣ್ಣಿಗೆ ಇಳಿಯುವದಕ್ಕಾಗಿ, ಹೊಲವೆಲ್ಲಾ ತುಂಬುವದಕ್ಕಾಗಿ ಅವು ಆರಿಸಲ್ಪಟ್ಟಿವೆ. ಆದರೆ ಈ ದೃಷ್ಟಾಂತವನ್ನು ಇನ್ನೂ ಮುಂದಕ್ಕೆ ಎಳೆಯಬಾರದು. ರೈತನು ತುಂಬಿದ ತೆನೆಯನ್ನು ಆರಿಸುವನು. ದೇವರಾದರೋ ಜೊಳ್ಳಾಗಿದ್ದ ನಮ್ಮನ್ನು ಆರಿಸಿ ತಾನೇ ಕಾಳು ತುಂಬುವನು.

3. ಕುಂಬಾರನೂ ಮಣ್ಣೂ

ಈಗ ಕಠಿಣವಾದ ಭಾಗಕ್ಕೆ ಬರೋಣ. ರೋಮಾಪುರದವರಿಗೆ ಬರೆದ ಪತ್ರಿಕೆಯ 9ನೆಯ ಅಧ್ಯಾಯದಲ್ಲಿ, ಏಸಾವ ಯಾಕೋಬರು ಹುಟ್ಟುವದಕ್ಕೆ ಮುಂಚೆ, ಒಳ್ಳೇದನ್ನಾಗಲಿ ಕೆಟ್ಟದ್ದನ್ನಾಗಲಿ ಮಾಡುವದಕ್ಕೆ ಮುಂಚೆಯೇ, ದೇವರು ಕಿರಿಯವನನ್ನು ಆರಿಸಿಕೊಂಡನೆಂದು ಪೌಲನು ಬರೆಯುತ್ತಾನೆ. ಕುಂಬಾರನಿಗೆ ಒಂದೇ ಮುದ್ದೆಯಿಂದ ಬೇರೆ ಬೇರೆ ಪಾತ್ರೆಗಳನ್ನು ಮಾಡುವ ಅಧಿಕಾರವಿಲ್ಲವೋ ಎಂದೂ ಕೇಳುತ್ತಾನೆ. ಇದನ್ನು ಓದಿ ಅನೇಕರು ಪುಸ್ತಕವನ್ನು ಮುಚ್ಚಿಬಿಡುತ್ತಾರೆ. ಹಾಗೆ ಮಾಡಬಾರದು. ಮೂರು ಸಂಗತಿಗಳನ್ನು ಲಕ್ಷಿಸಿರಿ.

ಒಂದನೆಯದು: ಈ ಅಧ್ಯಾಯವು ಕಣ್ಣೀರಿನಿಂದ ಆರಂಭವಾಗುವದು. ತನ್ನ ಸ್ವಜನರು ಕ್ರಿಸ್ತನನ್ನು ಅಂಗೀಕರಿಸಲಿಲ್ಲವೆಂದು ಪೌಲನಿಗೆ ಎಡೆಬಿಡದ ದುಃಖವಿತ್ತು. ಅವರ ಸಲುವಾಗಿ ತಾನೇ ಕ್ರಿಸ್ತನಿಂದ ಅಗಲಿದರೂ ಆದೀತೆಂದು ಹೇಳುವಷ್ಟರ ಮಟ್ಟಿಗೆ ಅವನು ಮರುಗಿದನು. ಆಯ್ಕೆಯನ್ನು ಕುರಿತು ಮಾತಾಡುವವನ ಕಣ್ಣು ಒಣಗಿದ್ದರೆ ಅವನು ಪೌಲನ ಪಾಠವನ್ನು ಇನ್ನೂ ಕಲಿತಿಲ್ಲ.

ಎರಡನೆಯದು: ಕುಂಬಾರನ ಮಾತನ್ನು ಪ್ರವಾದಿಯಾದ ಯೆರೆಮೀಯನೂ ಆಡಿದ್ದಾನೆ (18:1–10). ಅಲ್ಲಿ ತಿಗರಿಯ ಮೇಲಿನ ಪಾತ್ರೆಯು ಕೆಟ್ಟುಹೋದಾಗ ಕುಂಬಾರನು ಮಣ್ಣನ್ನು ಬಿಸಾಡಲಿಲ್ಲ. ಅದೇ ಮಣ್ಣಿನಿಂದ ಮತ್ತೊಂದು ಪಾತ್ರೆಯನ್ನು ಮಾಡಿದನು. ಒಂದು ಜನಾಂಗವು ತನ್ನ ಕೆಟ್ಟತನವನ್ನು ಬಿಟ್ಟು ತಿರುಗಿದರೆ ದೇವರೂ ತಾನು ಮಾಡಬೇಕೆಂದಿದ್ದ ಕೇಡನ್ನು ಮಾಡುವದಿಲ್ಲವೆಂಬದೇ ಆ ದೃಷ್ಟಾಂತದ ಅರ್ಥವಾಗಿದೆ. ಮಣ್ಣು ಕುಂಬಾರನ ಕೈಯಲ್ಲಿರುವದು ಭಯದ ಸಂಗತಿ ನಿಜ. ಆದರೆ ಬೇರೆ ಯಾರ ಕೈಯಲ್ಲಿದ್ದರೆ ಅದಕ್ಕೆ ಹೆಚ್ಚು ಕ್ಷೇಮವಿದ್ದೀತು?

ಮೂರನೆಯದು: 9ನೆಯ ಅಧ್ಯಾಯವನ್ನು ಓದಿ ನಿಲ್ಲಿಸುವವನು ಅರ್ಧ ದಾರಿಯಲ್ಲಿ ಗಾಡಿಯಿಂದ ಇಳಿದವನಂತಿರುವನು. 10ನೆಯ ಅಧ್ಯಾಯದಲ್ಲಿ ಕರ್ತನ ನಾಮವನ್ನು ಕರೆಯುವ ಯಾವನಿಗಾದರೂ ರಕ್ಷಣೆಯಾಗುವದೆಂದು ಪೌಲನು ಬಾಗಿಲನ್ನು ಪೂರಾ ತೆರೆದಿಡುತ್ತಾನೆ. 11ನೆಯ ಅಧ್ಯಾಯದಲ್ಲಿ, ಕಸಿಮಾಡಲ್ಪಟ್ಟ ಕಾಡು ಎಣ್ಣೆಮರದ ಕೊಂಬೆಯು ಮುರಿದುಬಿದ್ದ ಕೊಂಬೆಗಳ ಮೇಲೆ ಹೆಚ್ಚಳಪಡಬಾರದೆಂದೂ, ಮುರಿದವುಗಳನ್ನು ತಿರಿಗಿ ಕಸಿಮಾಡಲು ದೇವರು ಶಕ್ತನೆಂದೂ ಎಚ್ಚರಿಸುತ್ತಾನೆ. ಕಡೆಗೆ ದೇವರ ಮಾರ್ಗಗಳ ಆಳವನ್ನು ಕಂಡು ಸ್ತೋತ್ರಮಾಡಿ ಮುಗಿಸುತ್ತಾನೆ. ಕಣ್ಣೀರಿನಿಂದ ಹೊರಟವನು ಸ್ತೋತ್ರಕ್ಕೆ ಬಂದು ಮುಟ್ಟಿದನು. ನಮ್ಮ ದಾರಿಯೂ ಅದೇ.

4. ಸಭೆಯ ಹಿರಿಯರು ಇದನ್ನು ಹೇಗೆ ತಿಳುಕೊಂಡರು

ಉತ್ತರ ಆಫ್ರಿಕದ ಹಿಪ್ಪೋ ಎಂಬ ಪಟ್ಟಣದಲ್ಲಿ ಅಗಸ್ತೀನನೆಂಬ ಅಧ್ಯಕ್ಷನಿದ್ದನು (354–430). ಅವನ ಕಾಲದಲ್ಲಿ ಪೆಲಾಗ್ಯನೆಂಬವನು, ಮನುಷ್ಯನು ಮನಸ್ಸುಮಾಡಿದರೆ ತನ್ನ ಶಕ್ತಿಯಿಂದಲೇ ದೇವರ ಆಜ್ಞೆಗಳನ್ನು ಕೈಕೊಳ್ಳಬಲ್ಲನೆಂದು ಬೋಧಿಸಿದನು. ಅಗಸ್ತೀನನು ಇದನ್ನು ಎದುರಿಸಿ, ನಂಬಿಕೆಯ ಮೊದಲನೆಯ ಹೆಜ್ಜೆಯೂ ದೇವರ ದಾನವೆಂದು ಬರೆದನು. 418ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಆಲೋಚನಾಸಭೆಯು ಪೆಲಾಗ್ಯನ ಬೋಧನೆಯನ್ನು ತಳ್ಳಿತು. 529ರಲ್ಲಿ ಗಾಲ್ ದೇಶದ ಒರಾಂಜಿನಲ್ಲಿ ಕೂಡಿದ ಸಭೆಯು, ಕೃಪೆಯೇ ಮುಂದಾಗಿ ಬರುವದೆಂದು ಒಪ್ಪಿಕೊಂಡರೂ, ದೇವರು ಯಾರನ್ನಾದರೂ ಕೆಟ್ಟತನಕ್ಕಾಗಿ ನೇಮಿಸಿದನೆಂಬ ಮಾತನ್ನು ಬಲವಾಗಿ ಖಂಡಿಸಿತು.

ಮತೋದ್ಧಾರಣೆಯ ಕಾಲದಲ್ಲಿ ಜಿನೀವಾ ಪಟ್ಟಣದ ಕಾಲ್ವಿನನು (1509–1564) ಈ ಉಪದೇಶವನ್ನು ವಿಸ್ತಾರವಾಗಿ ಬರೆದನು. ದೇವರು ಕೆಲವರನ್ನು ಜೀವಕ್ಕೂ ಕೆಲವರನ್ನು ನಾಶನಕ್ಕೂ ನೇಮಿಸಿದ್ದಾನೆಂದು ಅವನು ಹೇಳಿದ್ದು ನಿಜ. ಇದರಿಂದ ಅನೇಕರ ಮನಸ್ಸು ಕಲಕಿದ್ದೂ ನಿಜ. ಆದರೆ 1559ರಲ್ಲಿ ಅಚ್ಚಾದ ಅವನ ದೊಡ್ಡ ಗ್ರಂಥದಲ್ಲಿ ಈ ಪಾಠವು ಎಲ್ಲಿದೆಯೆಂದು ನೋಡತಕ್ಕದ್ದು. ಅವನು ಅದನ್ನು ಗ್ರಂಥದ ಬಾಗಿಲಲ್ಲಿ ಇಡದೆ, ಮೂರನೆಯ ಭಾಗದಲ್ಲಿ, ನಂಬಿಕೆ, ಮಾನಸಾಂತರ, ಪ್ರಾರ್ಥನೆ ಇವುಗಳ ಪಾಠಗಳು ಮುಗಿದ ಮೇಲೆಯೇ ಇಟ್ಟನು. ದೇವರ ರಹಸ್ಯದೊಳಗೆ ಕುತೂಹಲದಿಂದ ನುಗ್ಗುವವನು ಹೊರಬರಲಾರದ ಸುತ್ತುಹಾದಿಯಲ್ಲಿ ಸಿಕ್ಕುವನೆಂದೂ, ತನ್ನ ಆಯ್ಕೆಯನ್ನು ನೋಡಬೇಕೆನ್ನುವವನಿಗೆ ಕ್ರಿಸ್ತನೇ ಕನ್ನಡಿಯೆಂದೂ ಅವನು ಬೋಧಿಸಿದನು.

ಹಾಲೆಂಡ್ ದೇಶದಲ್ಲಿ ಅರ್ಮಿನಿಯನು (ಮರಣ 1609) ಬೇರೊಂದು ರೀತಿಯಲ್ಲಿ ತಿಳುಕೊಂಡನು. ಯಾರು ನಂಬುವರೆಂದು ದೇವರು ಮುಂದಾಗಿ ಅರಿತು ಅವರನ್ನು ಆರಿಸಿಕೊಂಡನೆಂಬದು ಅವನ ಅಭಿಪ್ರಾಯ. 1610ರಲ್ಲಿ ಅವನ ಶಿಷ್ಯರು ಐದು ಕಲಮುಗಳಲ್ಲಿ ತಮ್ಮ ಮನವಿಯನ್ನು ಕೊಟ್ಟರು. 1618–1619ರಲ್ಲಿ ಡಾರ್ಟ್ ಪಟ್ಟಣದ ಮಹಾಸಭೆಯು ಅದನ್ನು ತಿರಸ್ಕರಿಸಿತು. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಯು 1739ರಲ್ಲಿ ಕೃಪೆಯು ಎಲ್ಲರಿಗೂ ಎಂಬ ಪ್ರಸಂಗವನ್ನು ಮಾಡಿದಾಗ, ಅವನ ಸ್ನೇಹಿತನೂ ಕಾಲ್ವಿನನ ಪಕ್ಷದವನೂ ಆದ ಜಾರ್ಜ್ ವಿಟ್‌ಫೀಲ್ಡನು ಅದಕ್ಕೆ ವಿರೋಧವಾಗಿ ಬರೆದನು. ಇಬ್ಬರ ಕೆಲಸವು ಬೇರೆ ಬೇರೆಯಾಯಿತು. ಆದರೂ 1770ರಲ್ಲಿ ವಿಟ್‌ಫೀಲ್ಡನು ಸತ್ತಾಗ ಲಂಡನಿನಲ್ಲಿ ಅವನ ಸ್ಮರಣೆಯ ಪ್ರಸಂಗವನ್ನು ಮಾಡಿದವನು ವೆಸ್ಲಿಯೇ.

ಈ ಎರಡು ಹೊಳೆಗಳೂ ನಮ್ಮ ಕನ್ನಡ ನಾಡಿಗೆ ಹರಿದು ಬಂದವು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸನು ಕಾಲ್ವಿನನ ಸಂಪ್ರದಾಯದವನು. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನಿನವರು ವೆಸ್ಲಿಯ ಸಂಪ್ರದಾಯದವರು. 1947ನೆಯ ಸಪ್ಟಂಬರ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ ಈ ಎರಡು ಸಂಪ್ರದಾಯದವರೂ ಒಂದೇ ಕರ್ತನ ಮೇಜಿನ ಬಳಿಗೆ ಬಂದರು. ಜಗಳವು ತೀರಿತೆಂದು ಅಲ್ಲ, ಜಗಳಕ್ಕಿಂತ ಕರ್ತನು ದೊಡ್ಡವನೆಂದು.

1834ರಲ್ಲಿ ಮಂಗಳೂರಿಗೆ ಬೋಧಕರನ್ನು ಕಳುಹಿಸಿದ ಬಾಸೆಲ್ ಪಟ್ಟಣದಲ್ಲಿಯೇ ಹುಟ್ಟಿದ ಕಾರ್ಲ್ ಬಾರ್ಥನು (1886–1968) 1942ರಲ್ಲಿ ಈ ವಿಷಯವಾಗಿ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಆರಿಸಲ್ಪಟ್ಟವರು ಯಾರು ಯಾರೆಂದು ಕೇಳುವದಕ್ಕೆ ಮುಂಚೆ, ಆರಿಸಲ್ಪಟ್ಟವನು ಕ್ರಿಸ್ತನೇ ಎಂಬದನ್ನು ನೋಡಬೇಕೆಂದೂ, ನಮ್ಮ ತಳ್ಳಿಬಿಡುವಿಕೆಯನ್ನು ಆತನೇ ಶಿಲುಬೆಯ ಮೇಲೆ ಹೊತ್ತುಕೊಂಡನೆಂದೂ ಅವನು ತಿಳಿಸಿದನು.

ಹೀಗೆ ದೈವಭಕ್ತರು ಹಲವು ವಿಷಯಗಳಲ್ಲಿ ಭೇದಪಟ್ಟರೂ ಮೂರರಲ್ಲಿ ಒಂದಾಗಿದ್ದಾರೆ. ರಕ್ಷಣೆಯ ಆರಂಭವು ದೇವರಿಂದಲೇ. ಅದು ನಮ್ಮ ಪುಣ್ಯದ ಕೂಲಿಯಲ್ಲ. ಕ್ರಿಸ್ತನ ಹೊರತಾಗಿ ಅದನ್ನು ಹುಡುಕಬಾರದು.

5. ಆರಿಸಲ್ಪಟ್ಟವರಿದ್ದರೆ ಸಾರುವದೇಕೆ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬ್ಯಾಪ್ಟಿಸ್ಟ್ ಸಭೆಗಳ ಕೆಲವು ಬೋಧಕರು, ಆರಿಸಲ್ಪಟ್ಟವರನ್ನು ದೇವರೇ ಎಳೆದುಕೊಳ್ಳುವನು, ಆದಕಾರಣ ಕಂಡ ಕಂಡವರನ್ನು ನಂಬಿರೆಂದು ಕರೆಯುವದು ಸರಿಯಲ್ಲವೆಂದು ಹೇಳುತ್ತಿದ್ದರು. ಆಂಡ್ರೂ ಫುಲ್ಲರನೆಂಬ ಬೋಧಕನು ತಾನೂ ದೇವರ ಆಯ್ಕೆಯನ್ನು ನಂಬಿದವನಾಗಿದ್ದು, 1785ರಲ್ಲಿ ಒಂದು ಪುಸ್ತಕವನ್ನು ಬರೆದು, ಸುವಾರ್ತೆಯನ್ನು ಕೇಳಿದ ಪ್ರತಿಯೊಬ್ಬನಿಗೂ ನಂಬುವ ಕರ್ತವ್ಯವಿದೆ, ಎಲ್ಲರನ್ನೂ ಕರೆಯುವ ಕರ್ತವ್ಯ ನಮಗಿದೆ ಎಂದು ತೋರಿಸಿದನು. ಅವನ ಸ್ನೇಹಿತನಾದ ವಿಲಿಯಂ ಕೇರಿಯು ಮೊದಲು ಜೋಡು ಹೊಲಿಯುವ ಕಸುಬಿನವನು. ಇವರಿಬ್ಬರೂ ಬೇರೆ ಸಹೋದರರೂ ಕೂಡಿ 1792ರಲ್ಲಿ ಮಿಷನ್ ಸಂಘವನ್ನು ಸ್ಥಾಪಿಸಿದರು. 1793ರಲ್ಲಿ ಕೇರಿಯು ಬಂಗಾಳಕ್ಕೆ ಬಂದನು.

ಅಲ್ಲಿ ಏಳು ವರುಷ ದುಡಿದರೂ ಒಬ್ಬ ಬಂಗಾಳಿಗನೂ ದೀಕ್ಷಾಸ್ನಾನಕ್ಕೆ ಬರಲಿಲ್ಲ. ಹಣೆಬರಹವನ್ನು ನಂಬಿದವನಾಗಿದ್ದರೆ, ಈ ಜನರ ಹಣೆಯಲ್ಲಿ ಬರೆದಿಲ್ಲವೆಂದು ಹೇಳಿ ಹಡಗು ಹತ್ತುತ್ತಿದ್ದನು. ಕೇರಿಯು ಹೋಗಲಿಲ್ಲ. ದೇವರಿಗೆ ಈ ದೇಶದಲ್ಲಿ ತನ್ನವರು ಇದ್ದಾರೆಂದು ನಂಬಿದವನು ಒಂದು ವರುಷ ಫಲ ಕಾಣದಿದ್ದರೆ ಮತ್ತೊಂದು ವರುಷ ಬಿತ್ತುವನು. ಕಡೆಗೆ 1800ನೆಯ ದಶಂಬರ 28ರಂದು ಸೆರಾಂಪುರದಲ್ಲಿ ಕೃಷ್ಣಪಾಲನೆಂಬ ಬಡಗಿಯು ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಹೊಂದಿದನು. ಅವನ ತೋಳಿನ ಕೀಲು ತಪ್ಪಿದಾಗ ಅದನ್ನು ಸರಿಪಡಿಸಿದ ವೈದ್ಯನಾದ ಜಾನ್ ಥಾಮಸನ ಬಾಯಿಂದಲೇ ಅವನು ಸುವಾರ್ತೆಯನ್ನು ಕೇಳಿದ್ದನು. ನೋಡಿರಿ: ದೇವರು ಆರಿಸುವನು, ಆದರೆ ತೋಳನ್ನು ಕಟ್ಟುವ ಕೈಯನ್ನೂ ಮಾತಾಡುವ ಬಾಯನ್ನೂ ಬಳಸಿಕೊಂಡೇ ಕರೆಯುವನು.

6. ಹಣೆಬರಹಕ್ಕೆ ಹೊಣೆ ಯಾರು

ನಮ್ಮ ಜನರಲ್ಲಿ ಒಂದು ಗಾದೆಯುಂಟು: ಹಣೆಬರಹಕ್ಕೆ ಹೊಣೆ ಯಾರು? ಈ ಗಾದೆಯಲ್ಲಿ ಎಷ್ಟೋ ತಲೆಮಾರುಗಳ ನಿಟ್ಟುಸಿರು ಅಡಗಿದೆ. ಮಳೆ ತಪ್ಪಿತು, ಎತ್ತು ಸತ್ತಿತು, ಮಗಳು ವಿಧವೆಯಾದಳು. ಕೇಳೋಣವೆಂದರೆ ಉತ್ತರ ಕೊಡುವವರಿಲ್ಲ, ಹಿಡಿಯೋಣವೆಂದರೆ ಹೊಣೆಯಾದವರಿಲ್ಲ. ಬರೆದ ಕೈಗೆ ಮುಖವಿಲ್ಲ.

ದೇವರ ಆಯ್ಕೆಗೂ ಹಣೆಬರಹಕ್ಕೂ ಇರುವ ಭೇದವು ಇಲ್ಲಿಯೇ ಇದೆ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ (7:22) ಯೇಸುವು ಒಳ್ಳೇ ಒಡಂಬಡಿಕೆಗೆ ಹೊಣೆಯಾಗಿದ್ದಾನೆಂದು ತಿಳಿಸಲ್ಪಟ್ಟಿದೆ. ಹೊಣೆಯೆಂದರೇನೆಂದು ಸಾಲ ಮಾಡಿದ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಸಾಲಗಾರನು ತೀರಿಸಲಾರದೆ ಹೋದರೆ ಹೊಣೆ ನಿಂತವನ ಎತ್ತೂ ಹೊಲವೂ ಹೋಗುವವು. ಕ್ರಿಸ್ತನು ನಮಗಾಗಿ ಹೊಣೆ ನಿಂತು ತನ್ನ ಪ್ರಾಣವನ್ನೇ ತೆತ್ತನು. ಹಣೆಬರಹವು ಮನುಷ್ಯನ ಹಣೆಯ ಮೇಲೆ ಬರೆದದ್ದು. ದೇವರ ಆಯ್ಕೆಯು ಮೊಳೆಗಳಿಂದ ಕ್ರಿಸ್ತನ ಅಂಗೈಗಳ ಮೇಲೆ ಬರೆಯಲ್ಪಟ್ಟಿದೆ. ಹಣೆಬರಹದ ಮುಂದೆ ಪ್ರಾರ್ಥಿಸಿ ಪ್ರಯೋಜನವಿಲ್ಲ; ಆರಿಸುವ ದೇವರಾದರೋ ತಂದೆಯೆಂದು ಕರೆಯಿರಿ ಎಂದು ಕಲಿಸುತ್ತಾನೆ. ಪೌಲನು ಎಫೆಸದವರಿಗೆ ಬರೆದ ಮೊದಲನೆಯ ಅಧ್ಯಾಯದಲ್ಲಿ “ಕ್ರಿಸ್ತನಲ್ಲಿ” ಎಂಬ ಮಾತನ್ನು ಮತ್ತೆ ಮತ್ತೆ ಹೇಳುವದು ಇದೇ ಕಾರಣದಿಂದ.

7. ಆ ಮೂವರಿಗೆ ಉತ್ತರ

ಸೋಮಾರಿಗೆ: ಸಹೋದರನೇ, ಈ ವರುಷ ಬೆಳೆಯಾಗುವದೆಂದು ದೇವರು ಬಲ್ಲನೆಂದು ನೀನು ನೇಗಿಲನ್ನು ಅಟ್ಟದ ಮೇಲೆ ಇಡುವದಿಲ್ಲವಲ್ಲಾ, ಆತ್ಮದ ವಿಷಯದಲ್ಲಿ ಮಾತ್ರ ಹಾಗೇಕೆ? ನಿಮ್ಮ ಕರೆಯೋಣವನ್ನೂ ಆಯ್ಕೆಯನ್ನೂ ದೃಢಪಡಿಸಿಕೊಳ್ಳುವದಕ್ಕೆ ಪ್ರಯಾಸಪಡಬೇಕೆಂದು ಪೇತ್ರನು ಬುದ್ಧಿಹೇಳಿದ್ದಾನೆ (2 ಪೇತ್ರ 1:10).

ಗರ್ವಿಷ್ಠನಿಗೆ: ನಿನ್ನ ಅಜ್ಜನೂ ಒಂದು ದಿನ ಹೊಸಬನಾಗಿಯೇ ಬಾಗಿಲಲ್ಲಿ ನಿಂತಿದ್ದನು. ಕರ್ತನ ಮೇಜಿನಲ್ಲಿ ಹೊಸಬನ ಬಟ್ಟಲಿಗೆ ಹೇಸುವವನು ಆರಿಸಿದಾತನಿಗೇ ಹೇಸುತ್ತಾನೆ. ಕೃಪೆಯಿಂದ ಬಂದದ್ದನ್ನು ಕುಲದ ಸೊತ್ತೆಂದು ಬರೆಯಿಸಿಕೊಳ್ಳಬೇಡ.

ಭಯಗ್ರಸ್ತಳಿಗೆ: ತಾಯಿ, ದೇವರ ರಹಸ್ಯವಾದ ಪಟ್ಟಿಯಲ್ಲಿ ನಿನ್ನ ಹೆಸರನ್ನು ಹುಡುಕುವ ಕೆಲಸ ನಿನ್ನದಲ್ಲ. ಕ್ರಿಸ್ತನು ತನ್ನ ಬಳಿಗೆ ಬರುವವರನ್ನು ತಳ್ಳಿಬಿಡುವದೇ ಇಲ್ಲವೆಂದು ಮಾತುಕೊಟ್ಟಿದ್ದಾನೆ (ಯೋಹಾನ 6:37). ನೀನು ಆತನ ಬಳಿಗೆ ಬಂದಿದ್ದೀಯಲ್ಲಾ. ಬರುವ ಮನಸ್ಸನ್ನು ನಿನ್ನಲ್ಲಿ ಇಟ್ಟವನೂ ಆತನೇ. ಥೆಸಲೋನಿಕದವರ ಆಯ್ಕೆಯನ್ನು ಪೌಲನು ಅವರ ನಂಬಿಕೆ, ಪ್ರೀತಿ, ನಿರೀಕ್ಷೆಗಳಿಂದಲೇ ತಿಳುಕೊಂಡನು (1 ಥೆಸಲೋನಿಕ 1:3–4). ಕೇಳದೆ ಸತ್ತ ನಿನ್ನ ಗಂಡನ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರವು ಬೋಧಕನಿಗೂ ಇಲ್ಲ, ನೆರೆಯವರಿಗೂ ಇಲ್ಲ. ಸರ್ವಲೋಕದ ನ್ಯಾಯಾಧಿಪತಿಯು ನ್ಯಾಯವನ್ನೇ ಮಾಡುವನೆಂದು ಅಬ್ರಹಾಮನು ನಂಬಿದನು (ಆದಿಕಾಂಡ 18:25). ನೀನೂ ಅವನನ್ನು ಆ ಕೈಗಳಲ್ಲಿಯೇ ಬಿಡು. ಬಿಟ್ಟುಹೋದ ಮಗನ ವಿಷಯದಲ್ಲಾದರೋ ಬಿಡಬೇಡ. ಅವನಿಗಾಗಿ ಪ್ರಾರ್ಥಿಸು, ಅವನಿಗೆ ಕಾಗದ ಬರೆಯಿಸು, ಬಾಗಿಲಿಗೆ ಅಗಳಿ ಹಾಕಬೇಡ. ಮುರಿದ ಕೊಂಬೆಯನ್ನು ತಿರಿಗಿ ಕಸಿಮಾಡಲು ದೇವರು ಶಕ್ತನು.

ಸಭೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ದೇವರು ಅಬ್ರಹಾಮನನ್ನು ಯಾವದಕ್ಕಾಗಿ ಆರಿಸಿಕೊಂಡನು? ನಮ್ಮ ಊರಿನಲ್ಲಿ ನಮ್ಮನ್ನು ಯಾವದಕ್ಕಾಗಿ ಇಟ್ಟಿದ್ದಾನೆ?

2. ಆಮೋಸನ ಮಾತು ಹಳೆಯ ಕ್ರೈಸ್ತ ಮನೆತನಗಳಿಗೆ ಹೇಗೆ ತಗಲುವದು?

3. ಯೆರೆಮೀಯನ ಕುಂಬಾರನು ಕೆಟ್ಟ ಪಾತ್ರೆಯ ಮಣ್ಣನ್ನು ಏನು ಮಾಡಿದನು?

4. ಹಣೆಬರಹಕ್ಕೂ ದೇವರ ಆಯ್ಕೆಗೂ ಇರುವ ಭೇದವನ್ನು, ಇನ್ನೂ ಹಣೆಬರಹವನ್ನು ನಂಬುವ ನಿಮ್ಮ ನೆರೆಯವನಿಗೆ ಅವನ ಮನಸ್ಸು ನೋಯದ ಹಾಗೆ ಹೇಗೆ ತಿಳಿಸುವಿರಿ?

5. ನಮ್ಮ ಸಭೆಯನ್ನು ಬಿಟ್ಟುಹೋದವರು ಯಾರಾರು? ಈ ತಿಂಗಳು ಅವರ ಮನೆಗೆ ಯಾರು ಹೋಗುವರು?

ಕಡೇ ಪ್ರಶ್ನೆಗೆ ಬಾಯುತ್ತರ ಸಾಲದು. ಹೋಗುವವರ ಹೆಸರುಗಳನ್ನು ಬರೆದುಕೊಂಡು ಪ್ರಾರ್ಥನೆಯಿಂದ ಕೂಟವನ್ನು ಮುಗಿಸಿರಿ.